ಕಣ್ಣು ತಗ್ಗಿಸುವ ಆದೇಶ ಮೊದಲು ಪುರುಷರಿಗೆ

(ಜುಮಾ ಪ್ರವಚನದ ಸಾರಾಂಶ)



ಸರ್ವ ಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಇಂದಿನ ಮಾತು ಟಿ.ವಿ. ಜಾಹೀರಾತಿನ ಬಗ್ಗೆ. ಧಾರಾವಾಹಿ ನೋಡಬೇಕೋ ಬೇಡವೋ ಎಂದು ನಾವು ತೀರ್ಮಾನಿಸಬಹುದು. ಜಾಹೀರಾತು ನಮ್ಮನ್ನು ಕೇಳಿ ಬರುವುದಿಲ್ಲ. ವಾರ್ತೆ, ಕ್ರಿಕೆಟ್ ನಡುವೆ, ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕುಳಿತಿರುವಾಗಲೇ ಬರುತ್ತದೆ.

2022ರ ಜೂನ್ ತಿಂಗಳು ಹಲವರಿಗೆ ನೆನಪಿರಬಹುದು. ‘ಲೇಯರ್ ಶಾಟ್’ ಎಂಬ ಬಾಡಿ ಸ್ಪ್ರೇ ಜಾಹೀರಾತು. ಅಂಗಡಿಯಲ್ಲಿ ನಾಲ್ವರು ಯುವಕರು, ಅವರ ಮುಂದೆ ಒಬ್ಬಳು ಯುವತಿ. ಅವರು ಮಾತಾಡುವುದು ಬಾಟಲಿಯ ಬಗ್ಗೆ; ಆದರೆ ತನ್ನ ಬಗ್ಗೆಯೇ ಎಂದುಕೊಂಡು ಅವಳು ಬೆದರಬೇಕು, ನೋಡುವವರು ನಗಬೇಕು! ಸಾಮೂಹಿಕ ಅತ್ಯಾಚಾರದ ಭಯವನ್ನೇ ಅಲ್ಲಿ ತಮಾಷೆ ಮಾಡಲಾಗಿತ್ತು. ಜನ ಸಿಟ್ಟಾದರು. ದೆಹಲಿ ಮಹಿಳಾ ಆಯೋಗ ದನಿ ಎತ್ತಿತು. ಜೂನ್ 4ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅದನ್ನು ತೆಗೆಯುವಂತೆ ಟ್ವಿಟರ್, ಯೂಟ್ಯೂಬ್‌ಗಳಿಗೆ ಸೂಚಿಸಿತು. ಕಂಪನಿ ಕ್ಷಮೆ ಕೇಳಿತು.

ಆ ಜಾಹೀರಾತು ಹೋಯಿತು. ಆದರೆ ಅದನ್ನು ನೋಡಿ ನಕ್ಕ ಹುಡುಗನ ಮನಸ್ಸಿನಿಂದ ಹೋಯಿತೇ? ಪಕ್ಕದಲ್ಲೇ ಕುಳಿತಿದ್ದ ತಂಗಿ ಏನು ಕಲಿತಳು? ನನ್ನ ಭಯ ಅಣ್ಣನಿಗೆ ನಗೆಯ ವಿಷಯ ಎಂದು ಕಲಿತಳು. ನಾಳೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಕಾಲೇಜಿಗೆ ಬರುವಾಗ ಬಸ್ಸಿನಲ್ಲಿ ಯಾರಾದರೂ ಕೆಣಕಿದರೆ ಅವಳು ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಏನಾಗುತ್ತದೆ ಎಂದೂ ಅವಳಿಗೆ ಗೊತ್ತು: ಕಾಲೇಜು ಬಿಡಿಸುತ್ತೇವೆ. ತಪ್ಪು ಒಬ್ಬನದು, ಶಿಕ್ಷೆ ಮತ್ತೊಬ್ಬಳಿಗೆ. ಇದು ಯಾವ ನ್ಯಾಯ?

ಸಹೋದರರೇ, ಲಜ್ಜೆಯ ಮಾತು ಬಂದಾಗಲೆಲ್ಲ ನಾವು ಹೆಣ್ಣುಮಕ್ಕಳ ಉಡುಪಿನಿಂದ ಆರಂಭಿಸುತ್ತೇವೆ. ಕುರ್‌ಆನ್ ಹಾಗೆ ಆರಂಭಿಸಲಿಲ್ಲ. ಸೂರಃ ಅನ್ನೂರ್‌ನ 30ನೇ ವಚನದಲ್ಲಿ ದೃಷ್ಟಿ ತಗ್ಗಿಸುವ ಆದೇಶ ಮೊದಲು ಸತ್ಯವಿಶ್ವಾಸಿ ಪುರುಷರಿಗಿದೆ. ಸ್ತ್ರೀಯರಿಗೆ ಆದೇಶ ಬಂದಿರುವುದು 31ನೇ ವಚನದಲ್ಲಿ.

ಬುಖಾರಿಯಲ್ಲಿ ಒಂದು ಘಟನೆಯಿದೆ. ಹಜ್ಜತುಲ್ ವಿದಾ ಸಂದರ್ಭ. ಯುವಕ ಫಝ್ಲ್ ಬಿನ್ ಅಬ್ಬಾಸ್(ರ) ಪ್ರವಾದಿ(ಸ)ಯವರ ಹಿಂದೆ ಸವಾರಿಯಲ್ಲಿದ್ದರು. ಖಸ್‌ಅಮ್ ಗೋತ್ರದ ಮಹಿಳೆಯೊಬ್ಬರು ವೃದ್ಧ ತಂದೆಯ ಪರವಾಗಿ ಹಜ್ಜ್ ಮಾಡಬಹುದೇ ಎಂದು ಕೇಳಲು ಬಂದರು. ಫಝ್ಲ್ ಅವರನ್ನೇ ನೋಡತೊಡಗಿದರು. ಪ್ರವಾದಿ(ಸ) ಆ ಮಹಿಳೆಯನ್ನು ಹಿಂದೆ ಕಳುಹಿಸಲಿಲ್ಲ. ಯುವಕನ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿದರು. ಮಹಿಳೆಯ ಪ್ರಶ್ನೆಗೆ ಉತ್ತರವನ್ನೂ ಕೊಟ್ಟರು.

ಇದರಲ್ಲಿ ಪ್ರತಿಯೊಬ್ಬ ತಂದೆಗೂ ಪಾಠವಿದೆ. ಮಗಳ ದಾರಿ ಮುಚ್ಚುವುದು ಸುಲಭ, ಮಗನ ಮುಖ ತಿರುಗಿಸುವುದು ಕಷ್ಟ. ಸುನ್ನತ್ ಇರುವುದು ಆ ಕಷ್ಟದಲ್ಲಿ.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದು, ಅಂಥ ದೃಶ್ಯ ಬಂದಾಗ ಸುಮ್ಮನೆ ಚಾನೆಲ್ ಬದಲಿಸಿದರೆ ಸಾಲದು. ಇದು ಏಕೆ ತಪ್ಪು ಎಂದು ಮಗನಿಗೆ ಎರಡು ಮಾತು ಹೇಳಬೇಕು. ತೆರೆಯ ಮೇಲಿನ ಹೆಣ್ಣನ್ನು ಬೈಯುವುದೂ ಬೇಡ, ಅವಳೂ ಒಬ್ಬರ ಮಗಳು. ಎರಡನೆಯದು, ಅಂಥದೇ ತಮಾಷೆ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಮುಂದೆ ಕಳುಹಿಸದೆ ಅಲ್ಲೇ ತಡೆಯಬೇಕು. ಮೂರನೆಯದು, ದೂರು ಕೊಡಬೇಕು. ಸ್ತ್ರೀಯರನ್ನು ಅಸಭ್ಯವಾಗಿ ಚಿತ್ರಿಸುವುದನ್ನು ನಿಷೇಧಿಸುವ ಕಾನೂನು 1986ರಿಂದಲೇ ಇದೆ. ಜಾಹೀರಾತು ಮಾನದಂಡ ಮಂಡಳಿಗೆ 77100 12345 ಸಂಖ್ಯೆಗೆ ವಾಟ್ಸ್‌ಆ್ಯಪ್ ಮಾಡಿಯೂ ದೂರು ಸಲ್ಲಿಸಬಹುದು. 2022ರಲ್ಲಿ ಕೆಲಸವಾದದ್ದು ಜನರು ಸುಮ್ಮನಿರದ ಕಾರಣ.

ಅಲ್ಲಾಹನು ನಮ್ಮ ದೃಷ್ಟಿಯನ್ನು ಶುದ್ಧವಾಗಿಡಲಿ. ನಮ್ಮ ಹೆಣ್ಣುಮಕ್ಕಳು ತಮ್ಮ ಭಯವನ್ನು ಹೇಳಿಕೊಳ್ಳಬಲ್ಲಂಥ ಮನೆಗಳನ್ನು ನಮಗೆ ದಯಪಾಲಿಸಲಿ. ಆಮೀನ್.