ಹುಳುವಿಗೊಂದು ಹೆಸರು

(ಸುವರ್ಣ ಮಹೋತ್ಸವದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)

 

ಒಂಬತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನ ಪ್ರದರ್ಶನಕ್ಕೆಂದು ನಾನು ಬೆಂಕಿಪೆಟ್ಟಿಗೆಗಳಲ್ಲಿ ಹುಳುಗಳನ್ನು ತಂದಿದ್ದೆ. ವಿಜ್ಞಾನದ ಮಾಷ್ಟ್ರು ಒಂದನ್ನು ತೋರಿಸಿ, "ಇದರ ಹೆಸರೇನು? ಯಾವ ಗಿಡದಲ್ಲಿತ್ತು? ಎಂದು ಹಿಡಿದೆ?" ಎಂದು ಕೇಳಿದರು. "ಹುಳು ಸಾರ್, ತೋಟದಲ್ಲಿತ್ತು" ಎಂದೆ. ನಮ್ಮ ಮನೆಯ ತುಳುವಿನಲ್ಲಿ ಅವೆಲ್ಲ 'ಪುರಿ'ಗಳೇ. ತರಗತಿಯೆಲ್ಲ ನಕ್ಕಿತು.

ಆ ಪ್ರಶ್ನೆಯ ಬೆಲೆ ತಿಳಿದದ್ದು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಅಪ್ಪ ಹೊಸದಾಗಿ ನೆಟ್ಟ ಅಡಿಕೆ ಸಸಿಗಳ ಸುಳಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಬಿಚ್ಚಿದ ಸೋಗೆಯಲ್ಲೂ ಕಂದು ಕಲೆ, ಹರಕು. ಗೊಬ್ಬರ ಸಾಲದೆಂದು ಅಪ್ಪ ಗೊಬ್ಬರ ಹಾಕುತ್ತಲೇ ಹೋದರು. ಒಂದು ವರ್ಷ ಹೋಯಿತು, ಹಲವು ಸಸಿಗಳೂ ಹೋದವು. ಕೊನೆಗೆ ನೆರೆಮನೆಯವರೊಬ್ಬರು ತುದಿಯ ಸೋಗೆಯ ಬುಡ ಬಿಡಿಸಿ, ಕೆಂಪು-ಕಪ್ಪು ಬಣ್ಣದ ಪುಟ್ಟ ಕೀಟಗಳನ್ನು ತೋರಿಸಿದರು. ಅದು ಸುಳಿ ತಿಗಣೆ. ಎಳೆ ಸುಳಿಯ ರಸ ಹೀರುವ ಕೀಟಕ್ಕೆ ಗೊಬ್ಬರ ಹಾಕಿ ಏನು ಪ್ರಯೋಜನ?

ಅದರ ಬಗ್ಗೆ ಓದಲು ಹೊರಟೆ. ಈಗಿನ ಶಾಸ್ತ್ರೀಯ ಹೆಸರು ಮಿರ್‌ಕಾರ್ವಾಲೋಯಾ ಅರೆಕೇ. ಆ ಹೆಸರಿನಲ್ಲಿ ಹುಡುಕಿದರೆ ಹಳೆಯ ಬರಹಗಳು ಕೈಗೆ ಸಿಗಲಿಲ್ಲ. ಕಾರಣ ಆಮೇಲೆ ತಿಳಿಯಿತು. 1957ರಲ್ಲಿ ಮಿಲ್ಲರ್ ಮತ್ತು ಚೈನಾ ಎಂಬ ವಿಜ್ಞಾನಿಗಳು ದಕ್ಷಿಣ ಭಾರತದ ಅಡಿಕೆಯ ಈ ಕೀಟವನ್ನು ಮೊದಲು ವಿವರಿಸಿದಾಗ ಇಟ್ಟ ಹೆಸರು ಕಾರ್ವಾಲೋಯಾ ಅರೆಕೇ. ಕಾರ್ವಾಲೋ ಎಂಬವರು ಈ ಕುಟುಂಬದ ತಿಗಣೆಗಳ ಜಾಗತಿಕ ಪಟ್ಟಿಯನ್ನು ಸಿದ್ಧಪಡಿಸಿದ ಬ್ರೆಜಿಲ್‌ನ ಕೀಟಶಾಸ್ತ್ರಜ್ಞ. ಅಷ್ಟು ದೂರದ ಪಟ್ಟಿಕಾರನ ಹೆಸರು ನಮ್ಮ ತೋಟದ ಸೋಗೆಯೊಳಗೆ ಕೂತಿದೆ! ಆದರೆ ಒಂದೇ ಕುಲನಾಮವನ್ನು ಎರಡು ಬೇರೆ ಪ್ರಾಣಿಕುಲಗಳಿಗೆ ಇಡುವಂತಿಲ್ಲ. ಆ ಹೆಸರು ಮೊದಲೇ ಬಳಕೆಯಾಗಿದ್ದರಿಂದ ಬದಲಾಯಿಸಬೇಕಾಯಿತು. ಹಳೆಯ ಅಧ್ಯಯನಗಳು ಹಳೆಯ ಹೆಸರಿನಲ್ಲೇ ಉಳಿದವು.

ನಮ್ಮ ಸಾಫ್ಟ್‌ವೇರಿನಲ್ಲೂ ಹೀಗಾಗುತ್ತದೆ. ಒಬ್ಬನೇ ಗ್ರಾಹಕನಿಗೆ ಎರಡು ಖಾತೆಗಳಾದರೆ ಅರ್ಧ ಲೆಕ್ಕ ಒಂದರಲ್ಲಿ, ಇನ್ನರ್ಧ ಮತ್ತೊಂದರಲ್ಲಿ. ಕೀಟಗಳ ಪಟ್ಟಿ ಮಾಡುವವರು ಹಳೆ-ಹೊಸ ಹೆಸರುಗಳನ್ನು ಒಂದೇ ಕಡೆ ಜೋಡಿಸಿಡುತ್ತಾರೆ. ಹೊರಗಿನಿಂದ ಒಣ ಕೆಲಸವೆನಿಸಿದರೂ ಅದಿಲ್ಲದಿದ್ದರೆ ಒಬ್ಬರು ಕಂಡುಕೊಂಡದ್ದು ಇನ್ನೊಬ್ಬರಿಗೆ ದಕ್ಕುವುದಿಲ್ಲ.

ನಮ್ಮ ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಗೇರುಮರವನ್ನೇ ಕೊಲ್ಲುವ ಕಾಂಡ ಮತ್ತು ಬೇರು ಕೊರಕ ಹುಳುವಿನದೂ ಇದೇ ಕಥೆ. 1758ರಲ್ಲಿ ಲಿನೇಯಸ್ ಹೆಸರಿಸಿದ ಕೀಟ ಅದು. ಹಳೆಯ ಪುಸ್ತಕಗಳಲ್ಲಿ ಪ್ಲೋಸಿಡೆರಸ್ ಫೆರುಜಿನಿಯಸ್, ಈಗ ನಿಯೋಪ್ಲೋಸಿಡೆರಸ್ ಫೆರುಜಿನಿಯಸ್. ಗಮನಿಸಿ, ಎರಡೂ ಕೀಟಗಳಲ್ಲಿ ಬದಲಾದದ್ದು ಮೊದಲ ಪದ ಮಾತ್ರ. ಹೆಸರು ಬದಲಾಗಿದೆಯೆಂದು ಅನುಮಾನ ಬಂದರೆ ಎರಡನೆಯ ಪದ ಹಿಡಿದು ಹುಡುಕಿ ಮಕ್ಕಳೇ.

ಇನ್ನೊಂದು ಮಾತು. 'ಅರೆಕೇ' ಎಂದರೆ ಅಡಿಕೆಯದು. 'ಅರೆಕ' ಎಂಬ ಪದ ಪೋರ್ಚುಗೀಸರ ಬಾಯಿಂದ ಲೋಕಕ್ಕೆ ಹೋದದ್ದು ನಮ್ಮ ಪಕ್ಕದ ಮಲಬಾರಿನಿಂದ. ಅಂದರೆ ಊರಿನ ಮಾತೂ ಶಾಸ್ತ್ರದೊಳಗೆ ಹೋಗಬಲ್ಲದು. ಆದ್ದರಿಂದ 'ಪುರಿ' ಎನ್ನಲು ನಾಚಬೇಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಯಾವ ಪುರಿ ಎಂದು ಮನೆಯ ಹಿರಿಯರನ್ನು ಕೇಳಿ.

ಈ ಶಾಲೆಯಲ್ಲಿ ಒಂದು ಹುಳುಗಳ ಪುಸ್ತಕ ಶುರುವಾಗಲಿ. ದಿನಾಂಕ, ಜಾಗ, ಯಾವ ಗಿಡ, ಏನು ಮಾಡುತ್ತಿತ್ತು, ತುಳು, ಅರೆಭಾಷೆ, ಹವ್ಯಕ, ಕನ್ನಡ, ಮಲಯಾಳದಲ್ಲಿ ಏನನ್ನುತ್ತಾರೆ, ಒಂದು ಚಿತ್ರ. ಶಾಸ್ತ್ರೀಯ ಹೆಸರು ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ, ಬಲ್ಲವರು ಬಂದು ತುಂಬುತ್ತಾರೆ. ದಿನಾಂಕ ಮತ್ತು ಜಾಗವನ್ನು ಮಾತ್ರ ಆಮೇಲೆ ಯಾರೂ ತುಂಬಲಾರರು. ನನ್ನ ಬೆಂಕಿಪೆಟ್ಟಿಗೆಗಳ ಮೇಲೆ ಅದನ್ನು ಬರೆದಿದ್ದರೆ, ಅವುಗಳಲ್ಲಿ ಸುಳಿ ತಿಗಣೆಯೂ ಇತ್ತೋ ಏನೋ, ಇಂದು ಹೇಳಬಹುದಿತ್ತು.

ಮಾಷ್ಟ್ರೇ, ನಿಮ್ಮ ಪ್ರಶ್ನೆಗೆ ಇಷ್ಟು ವರ್ಷಗಳ ಮೇಲೆ ಉತ್ತರ ಕೊಟ್ಟಿದ್ದೇನೆ. ತಡವಾದುದಕ್ಕೆ ಕ್ಷಮಿಸಿ.