ಹಳೆ ಎಕ್ಸ್‌ಪಿಯೊಳಗಿನ ಹಸೆಹಾಡು

"ಈ ಕಾಲದಲ್ಲಿ ವಿಂಡೋಸ್ ಎಕ್ಸ್‌ಪಿ ಯಾಕ್ರೀ?" ಅಂತ ಕೇಳುತ್ತಿದ್ದೀರಿ. ನಮ್ಮ ವೇದಿಕೆಯ ಹಳೆಯ ಸ್ಮರಣ ಸಂಚಿಕೆಗಳೆಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ ಫಾಂಟಿನಲ್ಲಿವೆ. ಹಿರಿಯರು ಹೇಳಿ ಬರೆಸಿದ ಹಸೆಹಾಡುಗಳು ಅದರಲ್ಲಿವೆ. ಮುದ್ರಿತ ಪ್ರತಿ ಉಳಿದಿಲ್ಲ; ಹಾಡಿದವರಲ್ಲಿ ಕೆಲವರು ಈಗಿಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಮನೆಯ ಹೊಸ ಕಂಪ್ಯೂಟರಿನಲ್ಲಿ ಅದು ನಡೆಯಲೇ ಇಲ್ಲ.

ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಹಳೆ ಯಂತ್ರ ಹುಡುಕೋಣ ಅಂದುಕೊಂಡೆ. ಮಗಳು ಬೇಡ ಅಂದು ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟಳು. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್, ದೊಡ್ಡ ಮನೆಯಲ್ಲಿ ಒಂದು ಬಾಡಿಗೆ ಕೋಣೆಯ ಹಾಗೆ. ಎಕ್ಸ್‌ಪಿಗೆ 512 ಎಂಬಿ ಮೆಮೊರಿ, 10 ಜಿಬಿ ಜಾಗ ಸಾಕು. ಅದರ ಸಿಡಿ, 25 ಅಕ್ಷರಗಳ ಕೀ ಎರಡೂ ಬೀರುವಿನಲ್ಲಿದ್ದವು. (ಹಳೆಯದನ್ನೆಲ್ಲ ಎಸೆಯಿರಿ ಅನ್ನುವ ಯಜಮಾನರು ಕೇಳಿಸಿಕೊಳ್ಳಲಿ!) ಆದರೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಎಕ್ಸ್‌ಪಿಯ ಬೆಂಬಲ ನಿಲ್ಲಿಸಿದೆ. ಅದಕ್ಕೆ ಇಂಟರ್‌ನೆಟ್ ಮಾತ್ರ ಕೊಡಲೇಬೇಡಿ.

ಪೇಜ್‌ಮೇಕರ್, ನುಡಿ ಎರಡನ್ನೂ ಹಾಕಿದ ಮೇಲೆ ಹಾಡುಗಳು ಕಂಡವು. ಈಗ ಒಂದೊಂದನ್ನೇ ಯೂನಿಕೋಡ್‌ಗೆ ಬದಲಾಯಿಸುತ್ತಿದ್ದೇನೆ. ಅರ್ಕಾವೊತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ, ಕೂತು ತಿದ್ದಬೇಕು. ಆ ಹಾಡುಗಳು ಬಾಯಿಗೆ ಬರುವವರು ಯಾರಾದರೂ ಜೊತೆಗೆ ಕೂತರೆ ಕೆಲಸ ಬೇಗ ಆಗುತ್ತದೆ.