ಹುಲ್ಲುಗಾವಲಿನ ಗೊಬ್ಬರವೂ ದನಗಳ ಉಣ್ಣೆಯೂ



ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನ ಬುಡಕ್ಕೆ ಕೆರೆಗೋಡು ಹಾಕದ ರೈತನು ಅಪರೂಪ. ಹುಲ್ಲುಗಾವಲಿಗೆ ಒಂದು ಮಂಕರಿ ಗೊಬ್ಬರ ಕೊಟ್ಟವನು ಇನ್ನೂ ಅಪರೂಪ. ಗೊಬ್ಬರವುಂಡ ಹುಲ್ಲು ದಟ್ಟವಾಗಿ ಬೆಳೆದು ಹಾಲು ಹೆಚ್ಚುವುದು ನಿಜ. ಆದರೆ ಆ ದಟ್ಟಣೆಯ ತಂಪಿನಲ್ಲಿಯೇ ಉಣ್ಣೆಯ ಮರಿಗಳೂ ಬಾಳುತ್ತವೆ. ರಕ್ತ ಕುಡಿದುಬ್ಬಿದ ಹೆಣ್ಣುಣ್ಣೆಯು ನೆಲಕ್ಕುದುರಿ ೨,೦೦೦ಕ್ಕೂ ಮಿಕ್ಕು ಮೊಟ್ಟೆಗಳನ್ನಿಟ್ಟು ಸಾಯುವುದು. ಮರಿಗಳು ಹುಲ್ಲಿನ ತುದಿಗೇರಿ ಮುಂದಣ ಹಸುವಿಗಾಗಿ ಕಾದಿರುವುವು. ಮೈಮೇಲಿನ ಉಣ್ಣೆಯನ್ನಷ್ಟೇ ಕಿತ್ತು ಕೆಂಡಕ್ಕೆ ಹಾಕುವುದೆಂದರೆ, ನಮ್ಮ ಕಚೇರಿಯ ಮಾತಿನಲ್ಲಿ, ಒಬ್ಬ ಆರೋಪಿಯನ್ನು ಹಿಡಿದು ಗುಂಪನ್ನು ಬಿಟ್ಟಂತೆ.

ನಾಡಹಸುವು ಇದನ್ನು ಒಂದಿಷ್ಟು ತಾಳಿಕೊಳ್ಳುತ್ತದೆ. ಸಾಲಮಾಡಿ ತಂದ ಮಿಶ್ರತಳಿಯ ಹಸುವು ಉಣ್ಣೆಜ್ವರಕ್ಕೆ ಸತ್ತರೆ ಬಡವನ ಮನೆಯೇ ಮುಳುಗುತ್ತದೆ.

೧೮೬೬ರಲ್ಲಿ ಮರಳಿ ಕಟ್ಟಿದ ಅಮೃತಮಹಲಿನಲ್ಲಿ ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿದ್ದರು. ಹುಲ್ಲು ನೀರಿಗಾಗಿ ಮಾಡಿದ ಏರ್ಪಾಡದು. ಆದರೂ ದನವಿಲ್ಲದ ಕಾವಲಿನಲ್ಲಿ ಉಣ್ಣೆಮರಿಗಳು ಉಪವಾಸ ಸಾಯದೆ ಇರಲಾರವು. ನಾವೂ ಮೇವಿನ ನೆಲವನ್ನು ಎರಡು ಪಾಲುಮಾಡಿ, ಮುಂಗಾರಿನ ಮೊದಲಲ್ಲಿ ಒಂದಕ್ಕೆ ಕಳಿತ ಗೊಬ್ಬರ ಹಾಕಿ, ಅಲ್ಲಿ ದನ ಬಿಡದೆ ಹುಲ್ಲನ್ನು ಕೊಯ್ದು ತರೋಣ. ಹದಿನೈದು ದಿನದ ಬಿಡುವು ಸಾಲದು: ಸುಡುಬಿಸಿಲಿನಲ್ಲಿ ಬೇಗ ಸಾಯುವ ಮರಿಗಳು ತಂಪುಕಾಲದಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ.

ಮೈಗೆ ಹಚ್ಚುವ ಔಷಧಿಯನ್ನು ಪಶುವೈದ್ಯರು ಹೇಳಿದ ಅಳತೆಯಲ್ಲಿಯೇ ಬಳಸತಕ್ಕದ್ದು. ಅಳತೆ ಕುಂದಿದರೆ ಉಣ್ಣೆಗೆ ಅದು ರೂಢಿಯಾಗುತ್ತದೆ. ಥೈಲೇರಿಯಾ ಜ್ವರವನ್ನು ತರುವ ಇನ್ನೊಂದು ಜಾತಿಯ ಉಣ್ಣೆಯು ಕೊಟ್ಟಿಗೆಯ ಗೋಡೆಬಿರುಕುಗಳಲ್ಲಿ ಅಡಗುವುದು. ಆ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯುವುದಕ್ಕೆ ಯಾವ ಮಳೆಯನ್ನೂ ಕಾಯಬೇಕಾಗಿಲ್ಲ.